ಒಳಗೆ ನಿಂತ ಕಡ್ಡಿ

ಪಿಟೀಲು ನಮಗೆಲ್ಲ ಗೊತ್ತು. ಮದುವೆ ಮನೆಯ ಕಚೇರಿಯಿಂದ ರಾಮನವಮಿಯ ಪೆಂಡಾಲಿನವರೆಗೆ ಅದನ್ನು ಕಾಣದವರಿಲ್ಲ. ಅದರದೇ ಬಳಗದ ಚೆಲ್ಲೊ ಎಂಬ ವಾದ್ಯದ ಹೆಸರು ಮಾತ್ರ ನಮ್ಮ ಊರುಗಳಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಹೆಸರು ತಿಳಿಯದಿದ್ದರೂ ದನಿ ನಮ್ಮ ಕಿವಿಗೆ ಬಿದ್ದೇ ಇರುತ್ತದೆ. ಹಳೆಯ ಸಿನಿಮಾ ಹಾಡುಗಳಲ್ಲಿ ಪಿಟೀಲುಗಳ ಹಿಂಡು ಮೇಲೆ ಹಾರಾಡುತ್ತಿರುವಾಗ ಕೆಳಗಿನಿಂದ ಯಾರೋ ಗಂಡುದನಿಯಲ್ಲಿ ಗುನುಗಿದ ಹಾಗೆ ಕೇಳುತ್ತದಲ್ಲ, ಅದು ಬಹುಮಟ್ಟಿಗೆ ಚೆಲ್ಲೊ. ಆಕಾರದಲ್ಲಿ ಪಿಟೀಲೇ, ಗಾತ್ರದಲ್ಲಿ ಏಳೆಂಟು ವರ್ಷದ ಮಗುವಿನಷ್ಟು. ಕುರ್ಚಿಯ ಮೇಲೆ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ನಾಲ್ಕು ತಂತಿಗಳ ಮೇಲೆ ಕಮಾನು ಎಳೆದು ನುಡಿಸುತ್ತಾರೆ.

ಸಂಗೀತ ತಿಳಿದವಳೆಂದು ನಾನು ಇದರ ಬಗ್ಗೆ ಬರೆಯಹೊರಟಿಲ್ಲ. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಹೇಳುವ ಮೇಡಂ. ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ, ಹಂಪೆಯಲ್ಲೋ ಹಳೇಬೀಡಿನಲ್ಲೋ ದಿನಕ್ಕೆ ನೂರು ಸಲ “ಮುಟ್ಟಬೇಡಿ” ಎಂದು ಕೂಗುವುದು ನನ್ನ ಕೆಲಸ. ಹಳೆಯದು ಉಳಿಯಬೇಕಾದರೆ ಯಾರೂ ಮುಟ್ಟಬಾರದು ಎಂದೇ ನಾವು ಕಲಿತದ್ದು, ಕಲಿಸಿದ್ದು. ಚೆಲ್ಲೊದ ಇತಿಹಾಸ ಓದಲು ತೊಡಗಿದಾಗ ಅದಕ್ಕೆ ತಿರುಗುಮುರುಗಾದ ಒಂದು ಕಥೆ ಎದುರಾಯಿತು. ಮುನ್ನೂರು ವರ್ಷ ದಾಟಿದ ಮರದ ವಾದ್ಯಗಳು ಇವತ್ತಿಗೂ ಸಭೆಯಲ್ಲಿ ನುಡಿಯುತ್ತಿವೆ. ಅವು ಉಳಿದದ್ದು ಮುಟ್ಟಿದ್ದರಿಂದಲೇ. ಬಿಚ್ಚಿದರು, ಕೊಯ್ದರು, ಅಂಟಿಸಿದರು, ತಂತಿ ಬದಲಿಸಿದರು, ಕತ್ತನ್ನೇ ಕಿತ್ತು ಬೇರೆ ಇಟ್ಟರು.

ನನ್ನನ್ನು ಈ ಓದಿಗೆ ಹಚ್ಚಿದವಳು ಅಕ್ಕನ ಮೊಮ್ಮಗಳು. ಬೆಂಗಳೂರಿನಲ್ಲಿ ಚೆಲ್ಲೊ ಕಲಿಯುವ ಆ ಹುಡುಗಿ ಬೇಸಿಗೆ ರಜೆಗೆ ನಮ್ಮ ಚಿತ್ರದುರ್ಗಕ್ಕೆ ವಾದ್ಯವನ್ನೂ ಹೊತ್ತು ತಂದಿದ್ದಳು. ನಮ್ಮೂರಿನ ಏಪ್ರಿಲ್ ಬಿಸಿಲು ಹಪ್ಪಳಕ್ಕೆ ಒಳ್ಳೆಯದು, ಚೆಲ್ಲೊಕ್ಕೆ ಅಲ್ಲ. ನಾಲ್ಕೇ ದಿನದಲ್ಲಿ ಬಿರಡೆಗಳು ಸಡಿಲಾಗಿ ಗಿರ್ರನೆ ತಿರುಗಿ ತಂತಿಗಳು ಜೋಲು ಬಿದ್ದವು. ಪಕ್ಕದ ಅಂಚಿನಲ್ಲಿ ಉಗುರು ತೂರುವಷ್ಟು ಬಿರುಕು ಕಾಣಿಸಿತು. ಆ ಹೊತ್ತಿಗೇ ಒಳಗೆ ಏನೋ ಕಳಚಿ ಬಿದ್ದು ಲೊಟಲೊಟ ಸದ್ದು ಬೇರೆ. ಹುಡುಗಿ ಅಳು ಹತ್ತಿಸಿಕೊಂಡು, “ಚಿಕ್ಕಜ್ಜೀ, ಅದರ ಸೌಂಡ್‌ಪೋಸ್ಟ್ ಬಿದ್ದುಹೋಯ್ತು” ಎಂದಳು. ಎದುರುಮನೆಯವರು ಬಡಗಿಗಳ ಬಿಳಿ ಅಂಟಿನ ಡಬ್ಬ ಹಿಡಿದು ಸಹಾಯಕ್ಕೆ ಬಂದೇಬಿಟ್ಟರು. ಅವರನ್ನು ಕಾಫಿ ಕೊಟ್ಟು ಕೂರಿಸಿ, ನಾವು ಬೆಂಗಳೂರಿನ ರಿಪೇರಿಯವರಿಗೆ ಫೋನು ಮಾಡಿದೆವು.

ಅವರು ಕೇಳಿದ ಮೊದಲ ಪ್ರಶ್ನೆ, “ಮರ ಸೀಳಿದೆಯಾ, ಅಂಟು ಬಿಟ್ಟಿದೆಯಾ ಮೇಡಂ?” ಅಂಟು ಬಿಟ್ಟಿದೆ ಎಂದಾಗ, “ಹಾಗಾದರೆ ಒಳ್ಳೆಯದೇ ಆಯ್ತು ಬಿಡಿ” ಎಂದರು. ನನಗೆ ಸೋಜಿಗ. ಮುಂದಿನ ವಾರ ನಾನೇ ವಾದ್ಯದ ಜೊತೆ ಹೋಗಿ ಕೂತು ನೋಡಿದಾಗ ಆ ಮಾತಿನ ಅರ್ಥ ತಿಳಿಯಿತು. ಚೆಲ್ಲೊದ ಎದೆಹಲಗೆ ಸ್ಪ್ರೂಸ್ ಎಂಬ ಹಗುರ ಮರದ್ದು. ಬೆನ್ನು ಮತ್ತು ಪಕ್ಕೆಗಳು ಮೇಪಲ್ ಎಂಬ ಗಟ್ಟಿ ಮರದವು. ಒಣಹವೆಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ. ಹಲಗೆಗಳನ್ನು ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟಿನಿಂದ ಜೋಡಿಸಿರುತ್ತಾರೆ. ಎದೆಹಲಗೆಯ ಅಂಚಿಗೆ ಆ ಅಂಟನ್ನು ಬೇಕೆಂದೇ ತೆಳುವಾಗಿ ಹಚ್ಚುತ್ತಾರೆ. ಮರ ಎಳೆದಾಡಿದಾಗ ಅಂಟು ಸೋತು ಬಿಟ್ಟುಕೊಡಬೇಕು. ಅಂಟು ಸೋಲದಿದ್ದರೆ ಹಲಗೆಯೇ ಸೀಳುತ್ತದೆ. ಬಿಸಿನೀರು ಮುಟ್ಟಿಸಿದರೆ ಈ ಅಂಟು ಕರಗುವುದರಿಂದ, ತೆಳ್ಳಗಿನ ಚಾಕು ಆಡಿಸಿ ಇಡೀ ವಾದ್ಯವನ್ನು ಡಬ್ಬದ ಮುಚ್ಚಳದಂತೆ ತೆರೆಯಬಹುದು, ಒಳಗೆ ಬೇಕಾದ್ದು ಸರಿಪಡಿಸಿ ಮತ್ತೆ ಮುಚ್ಚಬಹುದು. ಎದುರುಮನೆಯವರ ಬಿಳಿ ಅಂಟು ಹಾಕಿದ್ದರೆ ಆ ಬಾಗಿಲೇ ಮುಚ್ಚಿಹೋಗುತ್ತಿತ್ತು. ಮುಂದೆ ರಿಪೇರಿ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ವಸ್ತು ಇದು.

ಇದನ್ನು ಹೀಗೆ ಮಾಡಲು ಕಲಿತವರು ಇಟಲಿಯ ಕ್ರೆಮೋನಾ ಎಂಬ ಊರಿನವರು. ಅಲ್ಲಿಯ ಆಂಡ್ರಿಯಾ ಅಮಾತಿ 16ನೇ ಶತಮಾನದ ನಡುಭಾಗದಲ್ಲಿ ಮಾಡಿದ ಒಂದು ವಾದ್ಯ ಈಗ ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಉಳಿದುಬಂದ ಚೆಲ್ಲೊಗಳಲ್ಲಿ ಅತ್ಯಂತ ಹಳೆಯದೆಂದು ಅದಕ್ಕೆ ಹೆಸರು. ಅದರ ಮೈಮೇಲೆ ಫ್ರಾನ್ಸಿನ ದೊರೆ ಒಂಬತ್ತನೇ ಚಾರ್ಲ್ಸನ ಲಾಂಛನಗಳನ್ನು ಬರೆದಿರುವುದರಿಂದ ‘ಕಿಂಗ್’ ಎಂದೇ ಕರೆಯುತ್ತಾರೆ. ಹುಟ್ಟುವಾಗ ಅದು ಈಗಿರುವುದಕ್ಕಿಂತ ದೊಡ್ಡದಾಗಿತ್ತು. ಆ ಕಾಲದ ವಾದ್ಯಗಳೆಲ್ಲ ಹಾಗೆಯೇ. ಯಾಕೆ ಎನ್ನುವುದಕ್ಕೆ ಉತ್ತರ ತಂತಿಯಲ್ಲಿದೆ.

ಆಗ ತಂತಿ ಎಂದರೆ ಕುರಿಯ ಕರುಳು. ಅದನ್ನು ತೊಳೆದು, ಕೆರೆದು ಚೊಕ್ಕಟ ಮಾಡಿ, ಎಳೆ ಎಳೆಯಾಗಿ ಹೊಸೆದು, ಎಳೆದು ಕಟ್ಟಿ ಒಣಗಿಸಿದ್ದು. ಬಟ್ಟೆ ಒಣಹಾಕುವ ಹಗ್ಗವನ್ನು ನೆನಪಿಸಿಕೊಳ್ಳಿ. ಬಿಗಿಯಾಗಿ ಕಟ್ಟಿದ ತೆಳು ದಾರವನ್ನು ಮೀಟಿದರೆ ಬೇಗ ಬೇಗ ಅದುರುತ್ತದೆ, ದನಿ ಏರುತ್ತದೆ. ಉದ್ದನೆಯ ದಪ್ಪ ಹಗ್ಗ ನಿಧಾನವಾಗಿ ತೂಗುತ್ತದೆ. ಕೆಳಗಿನ ಸ್ವರ ಬೇಕೆಂದರೆ ತಂತಿ ಉದ್ದವಾಗಿರಬೇಕು, ಇಲ್ಲವೇ ಭಾರವಾಗಿರಬೇಕು. ಬರೀ ಕರುಳಿನಲ್ಲಿ ಭಾರ ತರಲು ಹೋದರೆ ತಂತಿ ಹೆಬ್ಬೆರಳಿನ ಕಡೆಗೆ ಬೆಳೆಯುತ್ತದೆ. ಕಮಾನಿಗೆ ಜಗ್ಗದೆ ಮೊಂಡು ಹಿಡಿಯುತ್ತದೆ. ಅದಕ್ಕೇ ತಂತಿಯನ್ನು ಉದ್ದ ಮಾಡಿದರು, ಉದ್ದದ ತಂತಿಗೆ ತಕ್ಕಂತೆ ಮೈಯನ್ನೂ ದೊಡ್ಡದು ಮಾಡಿದರು. ನುಡಿಸುವವನ ಎಡಗೈ ಬೆರಳುಗಳು ಪಾಪ, ಚಾಚಿ ಚಾಚಿ ಸಾಯುತ್ತಿದ್ದವು.

17ನೇ ಶತಮಾನದ ಎರಡನೇ ಅರ್ಧದಲ್ಲಿ ಒಂದು ಉಪಾಯ ಹರಡಿತು. ಕರುಳಿನ ಎಳೆಯ ಸುತ್ತ ಕೂದಲಿನಂಥ ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತುವುದು. ನಮ್ಮ ಸೀರೆಯ ಜರಿ ಇದ್ದಂತೆ: ಒಳಗೆ ರೇಷ್ಮೆ ಎಳೆ, ಹೊರಗೆ ಬೆಳ್ಳಿಯ ಸುತ್ತು. ಹೀಗೆ ಸುತ್ತಿದ ತಂತಿ ತೆಳ್ಳಗಿದ್ದೂ ಭಾರ. ಉದ್ದವಿಲ್ಲದೆಯೂ ಕೆಳಗಿನ ಸ್ವರ ತುಂಬಿ ಬರುತ್ತದೆ. ಇಟಲಿಯ ಬೊಲೋನ್ಯಾದ ಸುತ್ತಮುತ್ತ ಈ ತಂತಿಯ ಬಳಕೆ ಬೆಳೆದ ಕಾಲದಲ್ಲೇ, 1665ರಲ್ಲಿ ಅಚ್ಚಾದ ಒಂದು ಸಂಗೀತ ಪುಸ್ತಕದಲ್ಲಿ ‘ವಯೊಲೊನ್‌ಚೆಲ್ಲೊ’ ಎಂಬ ಹೆಸರೂ ಕಾಣಿಸಿಕೊಂಡಿತು. ಕೆಲವು ದಶಕಗಳ ನಂತರ, 1707ರ ಸುಮಾರಿಗೆ, ಕ್ರೆಮೋನಾದ ಆಂಟೋನಿಯೊ ಸ್ಟ್ರಾಡಿವಾರಿ ತನ್ನ ಚೆಲ್ಲೊದ ಅಳತೆಯನ್ನೇ ಇಳಿಸಿದ. ಮೊದಲು 79-80 ಸೆಂಟಿಮೀಟರ್ ಉದ್ದವಿರುತ್ತಿದ್ದ ಮೈ ಸುಮಾರು 76 ಸೆಂಟಿಮೀಟರಿಗೆ ಬಂತು. ಮುಂದಿನವರಿಗೆ ಅದೇ ಮಾದರಿಯಾಯಿತು.

ಹೊಸದನ್ನು ಚಿಕ್ಕದು ಮಾಡುವುದು ಸರಿ, ಹಳೆಯ ದೊಡ್ಡ ವಾದ್ಯಗಳ ಗತಿ? ಅವನ್ನು ಕೊಯ್ದರು. ಅಂಚಿನಿಂದ ಕೊಯ್ದು, ನಡುವಿನಿಂದ ಪಟ್ಟಿ ತೆಗೆದು, ಮತ್ತೆ ಕೂಡಿಸಿದರು. ಸ್ಟ್ರಾಡಿವಾರಿಯ ಮೊದಲ ಕಾಲದ ಚೆಲ್ಲೊಗಳಲ್ಲಿ ಹೆಚ್ಚಿನವು ಹೀಗೆ ಕೊಯ್ಯಿಸಿಕೊಂಡವೇ. ಅಮಾತಿಯ ‘ಕಿಂಗ್’ ವಾದ್ಯಕ್ಕೆ ಆ ಸರದಿ ಬಂದದ್ದು 1801ರಲ್ಲಿ. ಬೆನ್ನಿನ ಮೇಲೆ ಬರೆದಿದ್ದ ಚಿತ್ರಗಳಲ್ಲಿ ಹೆಣ್ಣಿನ ರೂಪದ ನ್ಯಾಯದೇವತೆ ಒಬ್ಬಳಿದ್ದಾಳೆ. ಉಳಿ-ಗರಗಸ ಆಡಿದ ಮೇಲೆ ಅವಳಿಗೆ ಸೊಂಟವೇ ಉಳಿಯಲಿಲ್ಲ. ಚಿತ್ರದ ದೃಷ್ಟಿಯಿಂದ ನೋಡಿದರೆ ಎದೆ ಝಲ್ ಎನ್ನುವ ಕೆಲಸ. ಆದರೆ ಹಾಗೆ ಕೊಯ್ದದ್ದರಿಂದಲೇ ಅದು ಆಮೇಲೂ ಯಾರದೋ ಮೊಣಕಾಲ ನಡುವೆ ನಿಲ್ಲುವಂತಾಯಿತು. ಕೊಯ್ಯದೆ ಬಿಟ್ಟಿದ್ದರೆ ಯಾವುದೋ ಅರಮನೆಯ ಅಟ್ಟದಲ್ಲಿ ಹುಳು ತಿನ್ನುತ್ತಿತ್ತೋ, ಒಲೆಗೆ ಹೋಗುತ್ತಿತ್ತೋ. ಕೊಯ್ದವನನ್ನು ಬೈಯಬೇಕೆ, ನೆನೆಯಬೇಕೆ ಎಂದು ನಾನು ಬಹಳ ಹೊತ್ತು ಯೋಚಿಸಿದ್ದೇನೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1800ರ ಆಚೀಚೆ ಸಂಗೀತ ಅರಮನೆಯ ಕೋಣೆಯಿಂದ ದೊಡ್ಡ ಸಭಾಂಗಣಗಳಿಗೆ ಬಂತು. ದೂರಕ್ಕೆ ಕೇಳಬೇಕು, ತಂತಿ ಇನ್ನಷ್ಟು ಬಿಗಿಯಬೇಕು. ಹಳೆಯ ಕತ್ತುಗಳನ್ನು ಬಿಚ್ಚಿ, ಹೆಚ್ಚು ಹಿಂದಕ್ಕೆ ವಾಲಿದ ಹೊಸ ಕತ್ತು ಜೋಡಿಸಿದರು. ಎದೆಹಲಗೆಯ ಒಳಗಿನ ಆಸರೆಯ ಪಟ್ಟಿಯನ್ನು ಬಲಪಡಿಸಿದರು. ಈಗಿನ ಚೆಲ್ಲೊದ ನಾಲ್ಕು ತಂತಿಗಳ ಒಟ್ಟು ಸೆಳೆತ 50 ಕಿಲೋಗೂ ಹೆಚ್ಚು. ಒಂದು ಅಕ್ಕಿ ಮೂಟೆ ಹಗಲಿರುಳೂ ಎಳೆಯುತ್ತಿದೆ ಎಂದುಕೊಳ್ಳಿ. 2012ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಅರಮನೆಯಲ್ಲಿ ಫೋಟೋ ತೆಗೆಯುವಾಗ ಸ್ಟ್ರಾಡಿವಾರಿಯ ಚೆಲ್ಲೊ ಮೇಜಿನಿಂದ ಬಿದ್ದು ಕತ್ತು ಮುರಿಯಿತು. ಜಗತ್ತೆಲ್ಲ ಅಯ್ಯೋ ಎಂದಿತು. ಆಮೇಲೆ ನೋಡಿದರೆ ಮುರಿದ ಭಾಗ ಸ್ಟ್ರಾಡಿವಾರಿಯದೇ ಅಲ್ಲ, 19ನೇ ಶತಮಾನದಲ್ಲಿ ಯಾರೋ ಕೂಡಿಸಿದ್ದು! ಅದನ್ನೂ ಸರಿಪಡಿಸಿದರು.

ಹೆಂಗಸರಿಗೆ ಈ ವಾದ್ಯ ಒಲಿದ ಕಥೆಯಲ್ಲೂ ಇಂಥದೊಂದು ಮಾರ್ಪಾಟಿದೆ. ಮೊದಲಿಗೆ ಚೆಲ್ಲೊಕ್ಕೆ ನೆಲಕ್ಕೂರುವ ಸಲಾಕೆ ಇರಲಿಲ್ಲ. ಎರಡು ಕಾಲುಗಳಿಂದ ಅಪ್ಪಿಹಿಡಿದೇ ನುಡಿಸಬೇಕು. ಮರ್ಯಾದಸ್ಥ ಹೆಣ್ಣು ಹಾಗೆ ಕೂರುವುದೇ ಎಂದು ಯೂರೋಪಿನ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದರು. ಕೆಲವು ಹೆಂಗಸರು ಎರಡೂ ಕಾಲುಗಳನ್ನು ಒಂದೇ ಮಗ್ಗುಲಿಗೆ ಇಟ್ಟು, ಹಳೆಯ ಸ್ಕೂಟರಿನ ಹಿಂದೆ ನಾವು ಕೂರುತ್ತಿದ್ದೆವಲ್ಲ ಹಾಗೆ, ನಡು ತಿರುಚಿಕೊಂಡು ನುಡಿಸಿದರು. 19ನೇ ಶತಮಾನದಲ್ಲಿ ಬೆಲ್ಜಿಯಂನ ಸೆರ್ವೆ ಎಂಬ ಪ್ರಸಿದ್ಧ ವಾದಕ ಕೆಳಗೊಂದು ಸಲಾಕೆ ಸಿಕ್ಕಿಸಿ ನುಡಿಸುವುದನ್ನು ಬಳಕೆಗೆ ತಂದ. ವಾದ್ಯದ ಭಾರ ನೆಲಕ್ಕಿಳಿಯಿತು, ಕೂರುವ ಕಷ್ಟವೂ ಇಳಿಯಿತು.

ಆ ಕಾಲದಲ್ಲೇ ಪ್ಯಾರಿಸ್ಸಿನಲ್ಲಿ 1827ರಲ್ಲಿ ಹುಟ್ಟಿದ ಲೀಸ್ ಕ್ರಿಸ್ಟಿಯಾನಿ ಎಂಬ ಹುಡುಗಿ 1700ರಲ್ಲಿ ಸ್ಟ್ರಾಡಿವಾರಿ ಮಾಡಿದ ಚೆಲ್ಲೊ ಹಿಡಿದು ಯೂರೋಪು ಸುತ್ತಿದಳು. ಮೆಂಡೆಲ್‌ಸನ್ ಅವಳಿಗೆಂದೇ ಒಂದು ಕೃತಿಯನ್ನು ಅರ್ಪಿಸಿದ. ಅಷ್ಟಕ್ಕೆ ನಿಲ್ಲದೆ ಅವಳು ರಷ್ಯಾ ದಾಟಿ, ಸೈಬೀರಿಯದ ಹಿಮದಲ್ಲಿ, ಪೂರ್ವದ ಕೊನೆಯ ಕಾಮ್‌ಚಾಟ್ಕಾದವರೆಗೂ ಹೋದಳು. ರೈಲಿಲ್ಲದ ದಾರಿ, ಕರುಳಿನ ತಂತಿ ತೇವಕ್ಕೆ ಸಡಿಲ, ಚಳಿಗೆ ಪಟ್ಟನೆ ಕಡಿಯುವಂಥದು. ಚಿತ್ರದುರ್ಗದ ನಾಲ್ಕು ದಿನದ ಬಿಸಿಲಿಗೆ ನಮ್ಮ ವಾದ್ಯ ಬಾಯಿಬಿಟ್ಟದ್ದನ್ನು ಕಂಡವಳಿಗೆ, ಆ ಹೆಣ್ಣು ದಾರಿಯುದ್ದಕ್ಕೂ ಎಷ್ಟು ಬಿರಡೆ ತಿರುವಿದ್ದಾಳು, ಎಷ್ಟು ತಂತಿ ಕಟ್ಟಿದ್ದಾಳು ಎಂದು ಎಣಿಸುವ ಮನಸ್ಸಾಗುತ್ತದೆ. 1853ರಲ್ಲಿ, ರಷ್ಯಾದ ನೋವೊಚೆರ್ಕಾಸ್ಕ್ ಎಂಬಲ್ಲಿ, ಕಾಲರಾ ಅವಳನ್ನು ಕೊಂಡುಹೋಯಿತು. ಚೆಲ್ಲೊ ಹಿಂದಿರುಗಿತು. ಈಗ ಅದು ಹುಟ್ಟಿದೂರಾದ ಕ್ರೆಮೋನಾದ ಸಂಗ್ರಹಾಲಯದಲ್ಲಿ ಅವಳ ಹೆಸರನ್ನೇ ಹೊತ್ತು ನಿಂತಿದೆ.

ಇನ್ನೊಬ್ಬಳು ಪೋರ್ಚುಗಲ್ಲಿನ ಗಿಲೆರ್ಮಿನಾ ಸುಜಿಯಾ. ಕೆಂಪು ಉಡುಪಿನಲ್ಲಿ ರಾಣಿಯಂತೆ ಚೆಲ್ಲೊ ನುಡಿಸುತ್ತಿರುವ ಅವಳ ಚಿತ್ರವನ್ನು ಅಗಸ್ಟಸ್ ಜಾನ್ ಬರೆದಿದ್ದಾನೆ. ಕಾಲು ಒಂದು ಮಗ್ಗುಲಿಗಿಡುವ ಸಂಕೋಚವೆಲ್ಲ ಅಷ್ಟು ಹೊತ್ತಿಗೆ ಮುಗಿದಿತ್ತು. 1950ರಲ್ಲಿ ತೀರಿಕೊಳ್ಳುವಾಗ ಅವಳು ತನ್ನ 1717ರ ಸ್ಟ್ರಾಡಿವಾರಿಯನ್ನು ಮಾರಿ, ಆ ಹಣದಿಂದ ಎಳೆಯ ಚೆಲ್ಲೊ ವಾದಕರಿಗೆ ನೆರವು ಕೊಡಬೇಕೆಂದು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ಗೆ ಬರೆದಿಟ್ಟಳು. 1956ರಲ್ಲಿ ಆ ನೆರವು ಪಡೆದವಳು 11 ವರ್ಷದ ಜಾಕ್ವೆಲಿನ್ ದು ಪ್ರೆ. ಮುಂದೆ ಜಗತ್ತೇ ಕಿವಿಗೊಟ್ಟು ಕೇಳಿದ ದು ಪ್ರೆ, ನರಗಳ ಕಾಯಿಲೆಯಿಂದ ಬೆರಳುಗಳ ಸ್ಪರ್ಶವೇ ತಪ್ಪಿ 1973ರಲ್ಲಿ ವೇದಿಕೆ ಬಿಟ್ಟಳು. 1987ರಲ್ಲಿ, ಇನ್ನೂ 42ರ ಪ್ರಾಯದಲ್ಲಿ ಹೋದಳು. ಅವಳ 1712ರ ‘ದಾವಿದೊವ್’ ಚೆಲ್ಲೊ ಯೊ-ಯೊ ಮಾ ಕೈಯಲ್ಲಿ ನುಡಿಯಿತು. ಮರದ ಬಿರುಕಿಗೆ ಅಂಟಿದೆ, ಮನುಷ್ಯರ ನರಕ್ಕೆ ಇಲ್ಲ.

ಬದಲಾಯಿಸುವುದು ಈಗಲೂ ನಿಂತಿಲ್ಲ. ಹಾಲೆಂಡಿನಿಂದ ಬಂದು ಹಿಂದುಸ್ತಾನಿ ಸಂಗೀತ ಕಲಿತ ಸಾಸ್ಕಿಯಾ ರಾವ್ ನೆಲದ ಮೇಲೆ ಕೂತು ನುಡಿಸಲು ಒಗ್ಗುವಂತೆ ಚಿಕ್ಕ ಮೈಯ ಚೆಲ್ಲೊ ಮಾಡಿಸಿಕೊಂಡು, ಐದನೆಯ ತಂತಿಯನ್ನೂ ಸಾರಂಗಿಗಿರುವಂಥ ಅನುರಣನದ ತಂತಿಗಳನ್ನೂ ಹಾಕಿಸಿಕೊಂಡರು.

ಬೆಂಗಳೂರಿನ ರಿಪೇರಿಯವರ ಕೋಣೆಗೆ ಮರಳುತ್ತೇನೆ. ಒಳಗೆ ಲೊಟಲೊಟ ಎಂದದ್ದು ಒಂದು ಕಡ್ಡಿ. ಸ್ಪ್ರೂಸ್ ಮರದ, ಬೆರಳು ಗಾತ್ರದ ಕಡ್ಡಿ. ಎದೆಹಲಗೆಗೂ ಬೆನ್ನಿಗೂ ನಡುವೆ, ಕುದುರೆಯ ಒಂದು ಕಾಲಿನ ಹತ್ತಿರ ಅದು ನಿಂತಿರುತ್ತದೆ. ಮೊಳೆ ಇಲ್ಲ, ಅಂಟಿಲ್ಲ. ಮೇಲಿನ ತಂತಿಗಳ ಒತ್ತಡವೇ ಅದಕ್ಕೆ ಆಧಾರ. ಮೇಲಿನ ಅದಿರನ್ನು ಬೆನ್ನಿಗೆ ಮುಟ್ಟಿಸುವುದು, ಎದೆಹಲಗೆ ಕುಸಿಯದಂತೆ ತಡೆಯುವುದು ಅದರ ಕೆಲಸ. ಕೂದಲೆಳೆಯಷ್ಟು ಆಚೀಚೆಯಾದರೂ ದನಿ ಬೇರೆಯಾಗುತ್ತದೆ. ಫ್ರೆಂಚರು ಅದನ್ನು ‘ಆಮ್’ ಎನ್ನುತ್ತಾರೆ, ಇಟಲಿಯವರು ‘ಅನಿಮಾ’. ಎರಡಕ್ಕೂ ಅರ್ಥ ಆತ್ಮ ಎಂದೇ. ತಂಬೂರಿಯ ಕುದುರೆಯ ಮೇಲಿಡುವ ನೂಲಿಗೆ ನಮ್ಮವರು ಜೀವಾಳ ಎಂದದ್ದು ನೆನಪಾಗಿ ಮೈ ಜುಮ್ಮೆಂದಿತು. ಹೊರಗಿನಿಂದ ಕಾಣದ ಇಷ್ಟು ಸಣ್ಣ ವಸ್ತುವಿಗೆ ಎರಡು ದೂರದ ನಾಡಿನವರು ಒಂದೇ ಬಗೆಯ ಹೆಸರಿಟ್ಟಿದ್ದಾರೆ.

ಎಸ್ ಆಕಾರದ ಕಬ್ಬಿಣದ ಕಡ್ಡಿಯ ತುದಿಗೆ ಆತ್ಮವನ್ನು ಚುಚ್ಚಿ, ಎದೆಯ ಸೀಳುಗಂಡಿಯಿಂದ ಒಳಗೆ ತೂರಿಸಿ ನಿಲ್ಲಿಸುತ್ತಾ ಅವರು ಹುಡುಗಿಗೆ ಪಾಠ ಹೇಳಿದರು. ನಾಲ್ಕೂ ತಂತಿಯನ್ನು ಒಟ್ಟಿಗೆ ಬಿಚ್ಚಬಾರದು. ಒಂದು ತೆಗೆದು ಹೊಸದು ಕಟ್ಟಿ ಬಿಗಿದ ಮೇಲೇ ಇನ್ನೊಂದು. ಬಿಗಿಯುವಾಗ ಕುದುರೆಯ ತಲೆ ಬಿರಡೆಯ ಕಡೆಗೆ ವಾಲುತ್ತದೆ, ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮಾಡಬೇಕು. ತಂತಿ ಕೂರುವ ಗೀರಿಗೆ ಪೆನ್ಸಿಲಿನ ಸೀಸ ತೀಡಿದರೆ ಸಲೀಸಾಗಿ ಜಾರುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣ, ಕಚ್ಚಿಕೊಳ್ಳುವ ಬಿರಡೆಗೆ ಒಣ ಸಾಬೂನು. ಕಮಾನಿನಿಂದ ಉದುರಿದ ರಾಳದ ಪುಡಿಯನ್ನು ದಿನಾ ಹಳೆಯ ಹತ್ತಿಬಟ್ಟೆಯಿಂದ ಒರೆಸಬೇಕು. ಸ್ಪಿರಿಟ್ ತಾಗಿಸಿದರೆ ವಾರ್ನಿಶ್ ಹೋಗುತ್ತದೆ. ನುಡಿಸಿಯಾದ ಮೇಲೆ ಕಮಾನಿನ ಕುದುರೆಕೂದಲನ್ನು ಸಡಿಲಿಸಿ ಇಡಬೇಕು. ಈಗಿನ ತಂತಿಗಳು ಬಹುಪಾಲು ಉಕ್ಕಿನವು, 20ನೇ ಶತಮಾನದಲ್ಲಿ ಕರುಳನ್ನು ಹಿಂದೆ ಸರಿಸಿ ಬಂದವು. ತೇವಕ್ಕೆ ಅಷ್ಟಾಗಿ ಹೆದರುವುದಿಲ್ಲ. ಆದರೂ ದನಿ ಮಂಕಾದರೆ, ಸುತ್ತು ಬಿಟ್ಟುಕೊಂಡರೆ, ಕಡಿಯುವವರೆಗೆ ಕಾಯದೆ ಬದಲಿಸಬೇಕು.

ಅವರ ಮಾತು ಕೇಳುತ್ತಾ ನನಗೆ ಅಮೆರಿಕದ ಒಂದು ಪ್ರಸಂಗ ನೆನಪಾಯಿತು. 1684ರ ಸ್ಟ್ರಾಡಿವಾರಿ ಚೆಲ್ಲೊವೊಂದು 2004ರಲ್ಲಿ ಲಾಸ್ ಏಂಜಲೀಸಿನಲ್ಲಿ ವಾದಕರ ಮನೆ ಮುಂದಿನಿಂದ ಕಳುವಾಯಿತು. ಕಸದ ತೊಟ್ಟಿಯ ಬಳಿ ಬಿದ್ದಿದ್ದ ಅದನ್ನು ನರ್ಸ್ ಒಬ್ಬಳು ಮನೆಗೆ ತಂದಳು. ಒಡೆದಿದೆಯಲ್ಲ, ಬಡಗಿ ಗೆಳೆಯನಿಂದ ರಿಪೇರಿ ಮಾಡಿಸೋಣ, ಆಗದಿದ್ದರೆ ಸಿ.ಡಿ.ಗಳನ್ನು ಜೋಡಿಸುವ ಚಂದದ ಸ್ಟ್ಯಾಂಡು ಮಾಡಿಸೋಣ ಎಂದು ಅವಳ ಯೋಚನೆ! ಅಷ್ಟರಲ್ಲಿ ಸುದ್ದಿ ತಿಳಿದು ಹಿಂದಿರುಗಿಸಿದಳು. ಬಲ್ಲವರು ಬಿರುಕುಗಳನ್ನು ಕೂಡಿಸಿದರು. ನಾವೆಲ್ಲ ನಕ್ಕೆವು. ಆದರೆ ವಾಪಸು ಬರುವ ಬಸ್ಸಿನಲ್ಲಿ ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲೂ ಅಮ್ಮನ ವೀಣೆ ಹದಿನೈದು ವರ್ಷದಿಂದ ಗೋಡೆಗೆ ಒರಗಿ, ಅದರ ಮೇಲೆ ಬಂದವರ ಸ್ವೆಟರು, ಛತ್ರಿ ನೇತುಬಿದ್ದಿದ್ದವು.

ಅಮ್ಮ ಹೋದ ಮೇಲೆ ಅದನ್ನು ಯಾರೂ ನುಡಿಸಿರಲಿಲ್ಲ. ಮೇಣ ಒಣಗಿ ಬಿರಿದು ಮೆಟ್ಟಿಲುಗಳು ಅಲ್ಲಾಡುತ್ತಿದ್ದವು. ರಿಪೇರಿಗೆ ಕೊಡೋಣ ಎಂದು ಅಕ್ಕ ಎರಡು ಸಲ ಹೇಳಿದ್ದಳು. ಬೇಡ ಎಂದವನು ಅಣ್ಣ. ಅವನ ಮಾತಿನಲ್ಲಿ ನ್ಯಾಯವಿತ್ತು. ನಲವತ್ತು ವರ್ಷ ಅಮ್ಮನ ಬೆರಳು ಓಡಾಡಿ ಹಿತ್ತಾಳೆಯ ಮೆಟ್ಟಿಲುಗಳಲ್ಲಿ ತಂತಿಯ ಗೀರುಗಳು ಬಿದ್ದಿದ್ದವು. ಅವಳಿಗೆ ಇಷ್ಟವಾದ ಸ್ವರಗಳಲ್ಲಿ ಗೀರು ಹೆಚ್ಚು ಆಳ. ವೀಣೆ ಸರಿಯಾಗಬೇಕಾದರೆ ಮೆಟ್ಟಿಲುಗಳನ್ನು ಕಿತ್ತು, ಅರದಿಂದ ಉಜ್ಜಿ ಸಮ ಮಾಡಿ, ಹೊಸ ಮೇಣದ ಮೇಲೆ ಕೂರಿಸಬೇಕು. “ಅಮ್ಮನ ಕೈಯ ಗುರುತು ಅಂತ ಉಳಿದಿರೋದು ಅದೊಂದೇ, ಅದನ್ನೂ ಉಜ್ಜಿಸ್ತೀರಾ?” ಎಂದು ಅವನು ಕೇಳಿದರೆ ನಮ್ಮ ಬಾಯಿ ಕಟ್ಟುತ್ತಿತ್ತು.

ಸೊಂಟವಿಲ್ಲದ ನ್ಯಾಯದೇವತೆಯ ಕಥೆಯನ್ನು ಈ ಸಲ ನಾನು ಅಣ್ಣನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿದ. ಒಪ್ಪಿದೆ ಎನ್ನಲಿಲ್ಲ; ಬೇಡ ಎಂದೂ ಅನ್ನಲಿಲ್ಲ. ಎರಡು ದಿನ ಬಿಟ್ಟು ವೀಣೆಯನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ, ತಾನೇ ಮೈಸೂರಿಗೆ ಕೊಂಡೊಯ್ದ. ಅಲ್ಲಿಯ ವೀಣೆಯವರು ಮೆಟ್ಟಿಲು ಉಜ್ಜುವಾಗ ಎದುರಿಗೇ ಕೂತಿದ್ದನಂತೆ. ಕಾಗದದ ಮೇಲೆ ಉದುರಿದ ಹಿತ್ತಾಳೆಯ ಪುಡಿಯನ್ನು ಪೊಟ್ಟಣ ಕಟ್ಟಿಸಿಕೊಂಡು ತಂದಿದ್ದಾನೆ. ಅದು ಈಗ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇದೆ.

ವೀಣೆ ಅಕ್ಕನ ಮನೆಯಲ್ಲಿದೆ. ಸಂಜೆ ಹೊತ್ತು ಸರಳೆ ವರಸೆಯಿಂದ ಮತ್ತೆ ಶುರು ಮಾಡಿದ್ದಾಳೆ. ಬೆರಳಿನ ತುದಿ ಉರಿಯುತ್ತದೆ ಎಂದು ಫೋನಿನಲ್ಲಿ ದೂರುತ್ತಾಳೆ. ಹೊಸ ತಂತಿಯಾದ್ದರಿಂದ ಶ್ರುತಿ ಇನ್ನೂ ನಿಲ್ಲುತ್ತಿಲ್ಲವಂತೆ. ಒಂದೆರಡು ವಾರ ದಿನಾ ಬಿಗಿಯುತ್ತಿರಬೇಕು, ಆಮೇಲೆ ಸರಿಹೋಗುತ್ತದೆ ಎಂದು ವೀಣೆಯವರು ಹೇಳಿ ಕಳಿಸಿದ್ದಾರೆ.